ಎರಡನೇ ಬಾಕ್ಸು

ಮಡ್ಡಿಪೇಟಿ ಮಾಳಿಗಿಗಳು ನನಗ ಬಾಯಿಪಾಠ.
ಯಾವ ಕಂಬದಿಂದ ಯಾವ ಮನಿಗೆ ವೈರು,
ಯಾವ ಬೇವಿನ ಟೊಂಗಿಗೆ ಅದನ್ನ ಬಿಗದೀನಿ,
ಮೂರು ತಿಂಗಳ ಬಾಕಿ ಇಟ್ಟು ಯಾರು
ನನ್ನ ಸೈಕಲ್‌ಮೋಟ್ರ ಸಪ್ಪಳಕ್ಕ ಬಾಗ್ಲಾ ಹಾಕ್ಕೋತಾರ,
ಎಲ್ಲಾ.

ಸೂಗಮ್ಮನ ಫೋನು ಬಂದದ್ದು ಏಪ್ರಿಲ್ದಾಗ,
ರಾಯಚೂರು ಕಾದ ಹಂಚಾಗಿದ್ದ ಹನ್ನೆರಡಕ್ಕ.
"ದಾವಲಾ, ಇನ್ನೊಂದು ಬಾಕ್ಸು ಬೇಕಲ್ಲೋ."
ಒಬ್ಬಾಕಿಗೆ ಎರಡು ಯಾಕಬೇ ಅನ್ನಾಕ ಹೋಗಿ
ನಾಲಿಗಿ ಕಚ್ಚಿಕೊಂಡೆ.
ತಂಗಿ ಬಂದಾಳ, ಆದೋನಿಯಿಂದ.
ಗಂಡನ ದಿನ ಮುಗಿಸಿ
ಎಂಟು ದಿನ ಇದ್ದು ಹೋಗ್ತೀನಂತ ಒಂದೇ ಚೀಲ ತಂದಾಕಿ.
ಆ ಎಂಟು ದಿನಕ್ಕ ಈಗ ಐದನೇ ತಿಂಗಳು.

ಬಾಗಲ ಮುಂದ ಟಂಟಂ ನಿಂತಿತ್ತು.
ಕೌದಿ ಸುತ್ತಿದ ಟೀವಿ, ಹೊಟ್ಟಿ ದಪ್ಪಂದು, ಹಳೇದು,
ನಾನೇ ಹೊತ್ತು ಒಳಗಿಟ್ಟೆ.
ಅಲ್ಲಿ ಮನಿ ಖಾಲಿ ಮಾಡಿದ್ರೇನು ಅಂತ ಕೇಳಲಿಲ್ಲ.
ಕೌದಿ ಬಿಚ್ಚಿದರ ಮಡಿಕಿಯಾಗ ಒಂದು ಸಟ್ಟುಗ.
ಸೂಗಮ್ಮ ಏನೂ ಅನ್ನದ ಒಯ್ದು
ತನ್ನ ಸಟ್ಟುಗದ ಸಾಲಿನಾಗ ಸಿಗಿಸಿದ್ಳು.

ಜಗಳ ಇದ್ದದ್ದು ಏಳೂವರಿದು.
ಅಕ್ಕಗ ಕನ್ನಡ ಸೀರಿಯಲ್ಲು, ತಂಗಿಗೆ ತೆಲುಗು,
ನಡುವ ರಬ್ಬರ್ ಬ್ಯಾಂಡು ಸುತ್ತಿದ ರಿಮೋಟು.
"ನೀ ನೋಡು ಅಂತೀನಿ ನಾನು,
ನೀನೇ ನೋಡಕ್ಕಾ ಅಂತಾಳ ಅಕಿ.
ಕಡಿಕಿ ಇಬ್ರೂ ಸುದ್ದಿ ನೋಡ್ತೀವೋ,
ಹೊಟ್ಟಿ ಉರಕೊಂತ."

ಜ್ವಾಳದ ಚೀಲ ಸರಿಸಿ ಒಳಖೋಲಿ ಗ್ವಾಡಿಗೆ ಡ್ರಿಲ್ಲು ಹಚ್ಚಿದೆ.
ಮೊಳ ದಪ್ಪ ಗ್ವಾಡಿ: ಸುಣ್ಣ, ಆಮ್ಯಾಲೆ ಮಣ್ಣು, ಆಮ್ಯಾಲೆ ಕಲ್ಲು.
ಆಚಿ ಕಡಿ ತಂಗಿ ಸೆರಗೊಡ್ಡಿ ಕುಂತಿದ್ಳು, ಧೂಳು ಬೀಳಬಾರದಂತ.
ತೂತಿನಾಗ ವೈರಿನ ಮೂತಿ ಕಂಡದ್ದೇ
"ವಚ್ಚಿಂದಿ, ವಚ್ಚಿಂದಿ" ಅಂತ ಹಿಡಿದು ಜಗ್ಗಿದ್ಳು,
ಬಾವಿಯಾಗಿನ ಕೊಡ ಜಗ್ಗಿದಂಗ.

ಎರಡು ಬಾಯಿ ಸ್ಪ್ಲಿಟರ್ ಚೀಲದಾಗ ಇರಲಿಲ್ಲ.
ಮೂರು ಬಾಯಿದು ಹಾಕಿ, ಉಳಿದದ್ದಕ್ಕ ಟೇಪು ಸುತ್ತಿದೆ.
ವೈರು ಒಡದರ ಸಿಗ್ನಲ್ ಒಂಚೂರು ಇಳೀತದ,
ಇಲ್ಲ ಅಂತ ಸುಳ್ಳು ಹೇಳೂ ಪೈಕಿ ಅಲ್ಲ ನಾನು.
ಸೂಗಮ್ಮನ ಟೀವ್ಯಾಗ ಯಾರದೋ ಮಾರಿ
ಚೌಕ ಚೌಕ ಒಡದು, ಮತ್ತ ಕೂಡಿಕೊಂತು.
"ನಂದು ಹೋಗ್ತದೇನೋ?"
"ಹೋಗೂದಿಲ್ಲಬೇ. ಮಳಿಗಾಲದಾಗ ಒಂದೀಟು ತ್ರಾಸು."
"ಮಳಿ ಎಲ್ಲಿ ಬರ್ತದ ಬಿಡು."

ಕಡಿಗೆ ಫಾರ್ಮು. ಹೊಸ ಬಾಕ್ಸಿಗೊಂದು ಹೆಸರು.
ನಿಮ್ಮ ಹೆಸರಿಗೇ ಬರೀತೀನಿ,
ತಿಂಗಳಾ ಮೂವತ್ತು ರೂಪಾಯಿ ಕಮ್ಮಿ ಬೀಳ್ತದ ಅಂದೆ.
ಮೂವತ್ತು ರೂಪಾಯಿಗೆ ಕಾಯಿಪಲ್ಯೆ ಗಾಡಿಯವನ್ನ
ಅರ್ಧ ತಾಸು ಬಿಸಲಾಗ ನಿಲ್ಲಿಸೂ ಹೆಂಗಸು
"ಅಕಿ ಹೆಸರು ಬರಿ" ಅಂದ್ಳು.
ಅಡಗಿಮನ್ಯಾಗ ಅಕ್ಕಿ ಕೇರೂ ಸಪ್ಪಳ ನಿಂತಿತು.

ಉರುಕುಂದಮ್ಮ, ಬರದೆ.
ವಿಳಾಸ?
ಮೊರ ಕೈಯಾಗ ಹಂಗೇ ಹಿಡಕೊಂಡು ಬಂದು
"ಆದೋನಿ..." ಅಂದು
ಅಕ್ಕನ ಕಡಿ ನೋಡಿದ್ಳು.
ಅಕ್ಕ ಫ್ಯಾನಿನ ಕಡಿ ನೋಡಕತ್ತಿದ್ಳು.
ಆರು, ಎರಡು, ನಲವತ್ತೊಂದು,
ಹಿಟ್ಟಿನ ಗಿರಣಿ ಹಿಂದ, ಮಡ್ಡಿಪೇಟಿ.
ಒಂದಂಕಿ ತಪ್ಪಲಿಲ್ಲ. ಯಾವಾಗ ಕಲತಿದ್ಳೋ.

ಮುಂದಿನ ತಿಂಗಳು ವಸೂಲಿಗೆ ಹೋದರ
ಎರಡೂ ಖೋಲ್ಯಾಗ ಟೀವಿ ತಮ್ಮಷ್ಟಕ್ಕ ಮಾತಾಡಕತ್ತಿದ್ವು,
ಅಕ್ಕತಂಗ್ಯಾರು ಕಟ್ಟಿ ಮ್ಯಾಲೆ ಹುಣಸಿಹಣ್ಣು ಬಿಡಿಸಕತ್ತಿದ್ರು.
ಉರುಕುಂದಮ್ಮ ಸೆರಗಿನ ಗಂಟು ಬಿಚ್ಚಿ
ತಾನೇ ಎಣಿಸಿ ಕೊಟ್ಳು, ತೆಲುಗಿನಾಗ.
ರಸೀದಿ ಹರದು ಕೊಟ್ಟೆ.
ಹದಿಮೂರಕ್ಕ ಮದುವ್ಯಾಗಿ ಹೋದಾಕಿ,
ಅಕ್ಷರ ಕಲತದ್ದು ಅಲ್ಲೇ, ಮಗಳ ಪಾಟಿ ಮ್ಯಾಲೆ.
ಹುಣಸಿ ಅಂಟಿದ ಬಟ್ಟಿಟ್ಟು ಓದಿದ್ಳು:
ಉ. ರು.
ಮೂರನೇದಕ್ಕ ನಿಂತು
"ನಿಮ್ಮದರ ತಲಿಕಟ್ಟು ಬ್ಯಾರೆ ಅದ ಅಲ್ಲೋ."
"ಬ್ಯಾರೆ ಅದಬೇ."
ಅಕ್ಕ ಬಗ್ಗಿ ನೋಡಿ, ಹೇಳಿಕೊಡಲಿಲ್ಲ.
ಕುಂ, ಅಂದ್ಳು ಅಕಿ, ತಾನೇ.
ದ. ಮ್ಮ.